ನೀರು ಎಲ್ಲಿ ಕೈಕೊಟ್ಟಿತು? ಜಲವರ್ಣದಿಂದ ಅಕ್ರಿಲಿಕ್‌ಗೆ ಬಂದವರಿಗೆ ದೋಷ ನಿವಾರಣೆ ಕೈಪಿಡಿ

ಹದಿನೆಂಟು ವರ್ಷ ಜಲವರ್ಣದಲ್ಲಿ ಪಳಗಿದ ಕೈ ನನ್ನದು. ತೀರ್ಥಹಳ್ಳಿಯ ಹತ್ತಿರ ತುಂಗೆಯ ದಡದಲ್ಲಿ ಕುಳಿತು, ಮಳೆಗೆ ನೆನೆದ ಹಂಚಿನ ಮಾಡೊಂದನ್ನು ಅಕ್ರಿಲಿಕ್‌ನಲ್ಲಿ ಬರೆಯಲು ಹೊರಟ ಮೊದಲ ದಿನ, ಹಂಚಿನ ಮೇಲಿನ ಬೆಳಕಿನ ಗೆರೆ ತೆಗೆಯಲೆಂದು ಒದ್ದೆ ಕುಂಚ ಎಳೆದೆ. ಜಲವರ್ಣವಾಗಿದ್ದರೆ ಬಣ್ಣ ಮೆತ್ತಗೆ ಎದ್ದು ಬಂದು ಕಾಗದದ ಬಿಳುಪು ಇಣುಕುತ್ತಿತ್ತು. ಇಲ್ಲಿ ಅರ್ಧ ಒಣಗಿದ ಬಣ್ಣ ಹಾಲಿನ ಕೆನೆಯಂತೆ ಸುರುಟಿಕೊಂಡು ಕಿತ್ತು ಬಂತು, ಕೆಳಗಿನ ಕ್ಯಾನ್ವಾಸಿನ ನೇಯ್ಗೆ ಕಾಣಿಸಿತು. ಬಣ್ಣವೇ ಕಳಪೆ ಎಂದು ಬೈದುಕೊಂಡು ಹೊಸ ಟ್ಯೂಬು ತಂದೆ. ಅದೂ ಹಾಗೆಯೇ ಕಿತ್ತು ಬಂತು.

ಆಮೇಲೆ ತಿಳಿದದ್ದು ಇಷ್ಟು. ಜಲವರ್ಣದಲ್ಲಿ ಬಣ್ಣದ ಪುಡಿಯನ್ನು ಹಿಡಿದಿಡುವುದು ಗಮ್ ಅರೇಬಿಕ್ ಎಂಬ ಮರದ ಅಂಟು. ಅದು ಹತ್ತು ವರ್ಷದ ನಂತರವೂ ನೀರು ಕಂಡರೆ ಕರಗುತ್ತದೆ. ಅಕ್ರಿಲಿಕ್‌ನಲ್ಲಿ ಆ ಕೆಲಸ ಮಾಡುವುದು ನೀರಿನಲ್ಲಿ ತೇಲುವ ಅತಿ ಸಣ್ಣ ರಾಳದ ಕಣಗಳು. ನೀರು ಆರಿದಂತೆ ಆ ಕಣಗಳು ಒಂದಕ್ಕೊಂದು ಒತ್ತಿಕೊಂಡು ಬೆಸೆದು ಪೊರೆಯಾಗುತ್ತವೆ. ಪೊರೆ ಕಟ್ಟಿದ ಮೇಲೆ ನೀರಿಗೆ ಅಲ್ಲಿ ಕೆಲಸವಿಲ್ಲ. ಜಲವರ್ಣದಲ್ಲಿ ನೀರು ಹಿತ್ತಿಲ ಬಾಗಿಲಿನಿಂದಲೂ ಬಂದುಹೋಗುವ ನೆಂಟ, ಅಕ್ರಿಲಿಕ್‌ನಲ್ಲಿ ಬೀಗದ ಕೈ ಕೊಟ್ಟು ಹೋದ ಬಾಡಿಗೆದಾರ. ಹಾಗಾಗಿ ಯಾವ ದೋಷ ಕಂಡರೂ ನಾನು ಮೊದಲು ಕೇಳಿಕೊಳ್ಳುವುದು ನೀರಿನ ಬಗ್ಗೆ: ಎಷ್ಟಿತ್ತು, ಎಲ್ಲಿಗೆ ಹೋಯಿತು, ಎಷ್ಟು ಬೇಗ ಹೋಯಿತು. ಅಂಗಡಿಗೆ ಓಡುವುದು ಆಮೇಲಿನ ಮಾತು.

ಏನನ್ನೂ ಕೊಳ್ಳುವ ಮೊದಲು: ಮೂರು ಪಟ್ಟಿಯ ಪರೀಕ್ಷೆ

ಒಂದು ತುಂಡು ಜಲವರ್ಣ ಕಾಗದ, ನೀವು ಬಳಸುತ್ತಿರುವ ಕ್ಯಾನ್ವಾಸಿನ ಒಂದು ಮೂಲೆ ಮತ್ತು ಒಂದೇ ಟ್ಯೂಬು ಸಾಕು. ಎರಡರ ಮೇಲೂ ಮೂರು ಮೂರು ಪಟ್ಟಿ ಎಳೆಯಿರಿ. ಮೊದಲನೆಯದು ಟ್ಯೂಬಿನಿಂದ ಬಂದ ಹಾಗೆಯೇ, ಎರಡನೆಯದು ಸಮಸಮ ನೀರು ಬೆರೆಸಿ, ಮೂರನೆಯದು ಹಾಲು ಹಾಕದ ಚಹಾದಷ್ಟು ತೆಳುವಾಗಿ. ರಾತ್ರಿಯಿಡೀ ಒಣಗಲು ಬಿಟ್ಟು, ಬೆಳಿಗ್ಗೆ ಒದ್ದೆ ಬಿಳಿ ಬಟ್ಟೆಯಿಂದ ಹತ್ತು ಬಾರಿ ಉಜ್ಜಿ.

ಬಟ್ಟೆಗೆ ಏನೂ ಹತ್ತಲಿಲ್ಲವೇ? ಬಣ್ಣವೂ ಮೇಲ್ಮೈಯೂ ಸರಿಯಾಗಿವೆ, ದೋಷ ಕೈಯ ಅಭ್ಯಾಸದಲ್ಲೋ ಸಮಯದಲ್ಲೋ ಇದೆ. ಕ್ಯಾನ್ವಾಸಿನ ಮೂರನೆಯ ಪಟ್ಟಿ ಮಾತ್ರ ಬಂದರೆ ಆ ಮೇಲ್ಮೈಗೆ ನೀರು ಹೆಚ್ಚಾಗಿದೆ. ಕ್ಯಾನ್ವಾಸಿನ ಮೂರೂ ಪಟ್ಟಿ ಎದ್ದು ಬಂದು ಕಾಗದದ ಮೇಲಿನವು ಗಟ್ಟಿಯಾಗಿ ನಿಂತರೆ ಕ್ಯಾನ್ವಾಸೇ ಅಪರಾಧಿ. ನೀರು ಬೆರೆಸದ ಪಟ್ಟಿ ಕಾಗದದ ಮೇಲೂ ಕರಗಿ ಬಂದರೆ ಟ್ಯೂಬಿನ ಲೇಬಲ್ ಓದಿ. ನಿಮ್ಮ ಕೈಯಲ್ಲಿರುವುದು ಪೋಸ್ಟರ್ ಬಣ್ಣ ಇರಬಹುದು. ನಗಬೇಡಿ, ಎರಡೂ ಒಂದೇ ಕಪಾಟಿನಲ್ಲಿ ಒಂದೇ ಆಕಾರದ ಡಬ್ಬಿಯಲ್ಲಿ ಕೂರುತ್ತವೆ.

ಮುಂದಿನ ಭಾಗಗಳಲ್ಲಿ ನಿಮ್ಮ ಕಣ್ಣಿಗೆ ಬಿದ್ದ ಲಕ್ಷಣವನ್ನು ಹುಡುಕಿಕೊಂಡು ನೇರವಾಗಿ ಅಲ್ಲಿಗೆ ಹೋಗಿ.

ಲಕ್ಷಣ: ಒಣಗಿದ ಮೇಲೆ ಬಣ್ಣ ಗಾಢವಾಗುತ್ತದೆ

ಎಲ್ಲರೂ ಮೊದಲ ವಾರದಲ್ಲೇ ಹೇಳುವ ದೂರು ಇದು. ಇದು ದೋಷವಲ್ಲ, ಅಕ್ರಿಲಿಕ್‌ನ ಗುಣ. ಹಸಿ ಇರುವಾಗ ರಾಳ ಹಾಲಿನಂತೆ ಬೆಳ್ಳಗಿರುತ್ತದೆ, ಬಣ್ಣಕ್ಕೆ ಒಂದಿಷ್ಟು ಬಿಳುಪು ಬೆರೆತಂತೆ ಕಾಣುತ್ತದೆ. ನೀರು ಹೋದಾಗ ಆ ಹಾಲು ಗಾಜಿನಂತೆ ತಿಳಿಯಾಗಿ, ಕೆಳಗಿನ ಬಣ್ಣ ತನ್ನ ನಿಜವಾದ ಗಾಢತೆ ತೋರಿಸುತ್ತದೆ.

ಜಲವರ್ಣದವರಿಗೆ ಪೆಟ್ಟು ಎರಡು ಪಟ್ಟು. ಜಲವರ್ಣ ಒಣಗಿದಾಗ ತಿಳಿಯಾಗುತ್ತದೆ. ಆದ್ದರಿಂದ ನಮ್ಮ ಕೈ ವರ್ಷಗಳಿಂದ ಬೇಕಾದದ್ದಕ್ಕಿಂತ ಒಂದು ಮೆಟ್ಟಿಲು ಗಾಢವಾಗಿ ಕಲಸುವುದನ್ನು ಕಲಿತಿದೆ. ಆ ಮೆಟ್ಟಿಲಿನ ಮೇಲೆ ಅಕ್ರಿಲಿಕ್ ತನ್ನದೊಂದು ಮೆಟ್ಟಿಲು ಸೇರಿಸುತ್ತದೆ, ಸಂಜೆಯ ಆಕಾಶ ಅಮಾವಾಸ್ಯೆಯ ರಾತ್ರಿಯಾಗುತ್ತದೆ.

ಖರ್ಚಿಲ್ಲದ ಪರಿಹಾರ: ಕಲಸಿದ ಬಣ್ಣವನ್ನು ಮದುವೆ ಕಾಗದದ ಹಿಂಬದಿಗೆ ಒಂದು ಚುಕ್ಕೆ ಹಚ್ಚಿ, ಕೂದಲು ಒಣಗಿಸುವ ಡ್ರೈಯರ್ ಹಿಡಿದು, ಒಣಗಿದ ಬಣ್ಣ ನೋಡಿಕೊಂಡೇ ಕ್ಯಾನ್ವಾಸಿಗೆ ಹೋಗುವುದು. ಒಂದು ತಿಂಗಳು ಹೀಗೆ ಮಾಡಿದರೆ ಕಣ್ಣಿಗೆ ಅಂದಾಜು ಸಿಗುತ್ತದೆ. ಬಿಳಿ ಹೆಚ್ಚು ಬೆರೆತ ಬಣ್ಣಗಳಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ, ಗಾಢ ನೀಲಿ ಮತ್ತು ಕಂದುಗಳಲ್ಲಿ ಎದ್ದು ಕಾಣುತ್ತದೆ.

ಗಾಢವಾಗುವುದಕ್ಕಿಂತ ಹೆಚ್ಚಾಗಿ ಮಂಕಾಯಿತು ಅನ್ನಿಸಿದರೆ, ಒಣಗಿದ ಚಿತ್ರದ ಮೇಲೆ ಒದ್ದೆ ಸ್ಪಂಜನ್ನು ಒಮ್ಮೆ ಸವರಿ. ಒದ್ದೆಯಾದಷ್ಟು ಹೊತ್ತು ಬಣ್ಣ ಜೀವ ಬಂದಂತೆ ಹೊಳೆದರೆ, ಹೋಗಿರುವುದು ಹೊಳಪು ಮಾತ್ರ. ಕೊನೆಯಲ್ಲಿ ಹೊಳಪಿನ ವಾರ್ನಿಶ್ ಹಾಕಿದರೆ ಬಣ್ಣ ಮರಳಿ ಬರುತ್ತದೆ, ಮತ್ತೆ ಬರೆಯುವ ಅಗತ್ಯವಿಲ್ಲ.

ಲಕ್ಷಣ: ಬಣ್ಣ ಎತ್ತಲು ಹೋದರೆ ತೇಪೆ ತೇಪೆಯಾಗಿ ಕಿತ್ತು ಬರುತ್ತದೆ

ನನ್ನ ಹಂಚಿನ ಮಾಡಿನ ಕಥೆ. ತೆಳು ಪದರವೊಂದು ಕೆಲವೇ ನಿಮಿಷಗಳಲ್ಲಿ ಮೂರು ಸ್ಥಿತಿಗಳನ್ನು ದಾಟುತ್ತದೆ. ಹಸಿ, ಕೆನೆಗಟ್ಟಿದ್ದು, ಒಣಗಿದ್ದು. ಹಸಿಯಲ್ಲಿ ಒರೆಸಬಹುದು. ಒಣಗಿದ ಮೇಲೆ ಅದರ ಮೇಲೆ ಬರೆಯಬಹುದು. ನಡುವಿನ ಕೆನೆಯ ಹೊತ್ತಿನಲ್ಲಿ ಕೈ ಕಟ್ಟಿ ಕೂರುವುದೊಂದೇ ದಾರಿ. ನಮ್ಮಂಥವರಿಗೆ ಅದೇ ಕಷ್ಟ, ಏಕೆಂದರೆ ಜಲವರ್ಣದಲ್ಲಿ ಬಣ್ಣ ಎತ್ತಲು ಹದವಾದ ಹೊತ್ತು ಅದೇ ಅರೆ ಒದ್ದೆಯ ಹೊತ್ತು.

ಆ ಹೊತ್ತನ್ನು ಗುರುತಿಸುವುದು ಹೀಗೆ. ಚಿತ್ರವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಒದ್ದೆಯ ಮಿಂಚು ಇದ್ದರೆ ಹಸಿ. ಮಿಂಚು ಅಲ್ಲಲ್ಲಿ ಆರಿ, ಅಂಚು ಮಂಕಾಗಿ, ನಡುವೆ ಮಾತ್ರ ಹೊಳೆಯುತ್ತಿದ್ದರೆ ಕೆನೆಗಟ್ಟುತ್ತಿದೆ. ಕುಂಚ ಕೆಳಗಿಡಿ.

ಈಗಾಗಲೇ ಕಿತ್ತು ಬಂದಿದ್ದರೆ ಗಾಬರಿ ಬೇಡ, ತಿದ್ದುವ ಆಸೆಯೂ ಬೇಡ. ಪೂರ್ತಿ ಒಣಗಲು ಬಿಡಿ. ಕಿತ್ತ ಜಾಗದ ಅಂಚು ಬೆರಳಿಗೆ ಏಣಿನಂತೆ ತಾಕಿದರೆ, ನಯವಾದ ಉಜ್ಜು ಕಾಗದವನ್ನು ನೀರಿನಲ್ಲಿ ಅದ್ದಿ ಹಗುರವಾಗಿ ಉಜ್ಜಿ. ಒಣ ಉಜ್ಜಾಟ ಬೇಡ, ಬಣ್ಣದ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಆಮೇಲೆ ಅದರ ಮೇಲೆಯೇ ಬರೆಯಿರಿ.

ಬೆಳಕನ್ನು ಎತ್ತಿ ತೆಗೆಯುವ ಬದಲು ಇಟ್ಟು ಬರೆಯುವುದು ಇಲ್ಲಿಯ ಕ್ರಮ. ಜಲವರ್ಣದಲ್ಲಿ ಕಾಗದದ ಬಿಳುಪನ್ನು ಮೊದಲಿನಿಂದಲೇ ಕಾಯ್ದುಕೊಂಡು, ತಿಳಿಯಿಂದ ಗಾಢಕ್ಕೆ ಹೋಗುತ್ತೇವೆ. ಇಲ್ಲಿ ಗಾಢ ಹಂಚು ಬರೆದು, ಒಣಗಿಸಿ, ಕೊನೆಗೆ ಟೈಟಾನಿಯಂ ಬಿಳಿ ಬೆರೆತ ಬಣ್ಣದಲ್ಲಿ ಮಳೆಯ ಮಿಂಚು ಇಡುತ್ತೀರಿ. ಮೊದಮೊದಲು ಇದು ಮೋಸದಂತೆ ಅನ್ನಿಸುತ್ತದೆ. ನನಗೆ ಈಗಲೂ ಒಂದೊಂದು ಸಲ ಅನ್ನಿಸುತ್ತದೆ.

ಲಕ್ಷಣ: ವಾಶ್ (ನೀರು ಬೆರೆಸಿದ ತೆಳು ಬಣ್ಣದ ಹರವು) ಹರಿಯುವುದಿಲ್ಲ, ಆಕಾಶ ಪಟ್ಟೆ ಪಟ್ಟೆಯಾಗುತ್ತದೆ

ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯಲ್ಲಿ ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳ ಮುಂದೆ ನಿಂತು ಮಂಜು ಕಲಿತವರು, ಅದೇ ಮಂಜನ್ನು ಕ್ಯಾನ್ವಾಸಿನ ಮೇಲೆ ಒಂದೇ ಎಳೆತಕ್ಕೆ ನಿರೀಕ್ಷಿಸಿದರೆ ಸಿಟ್ಟು ಬರುವುದು ಖಂಡಿತ. ಪರೀಕ್ಷೆಗಳನ್ನು ಈ ಕ್ರಮದಲ್ಲಿ ಮಾಡಿ.

ಮೊದಲು ತಲೆಯೆತ್ತಿ ನೋಡಿ. ಫ್ಯಾನ್ ತಿರುಗುತ್ತಿದೆಯೇ? ಆರಿಸಿ. ಬಳ್ಳಾರಿ, ರಾಯಚೂರಿನ ಏಪ್ರಿಲ್‌ನಲ್ಲಿ ಇದು ಶಿಕ್ಷೆ ಎಂದು ನನಗೆ ಗೊತ್ತು, ಹಾಗಿದ್ದರೆ ಬೆಳಿಗ್ಗೆ ಏಳು ಗಂಟೆಯೊಳಗೆ ಆಕಾಶ ಮುಗಿಸಿ. ಮಂಗಳೂರಿನ ಜುಲೈನಲ್ಲಿ ಇದೇ ಬಣ್ಣ ಹದವಾಗಿ, ನಿಧಾನವಾಗಿ ಒಣಗುವುದನ್ನು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ.

ಎರಡನೆಯದು ನೀರು ಚಿಮುಕಿಸುವ ಬಾಟಲಿ. ಇಸ್ತ್ರಿಗೆ ಬಳಸುವುದೇ ಸಾಕು. ಬಣ್ಣ ಹಚ್ಚುವ ಮೊದಲು ಜಾಗವನ್ನು ತೇವ ಮಾಡಿ, ನಡುನಡುವೆ ಮಂಜಿನಂತೆ ಒಮ್ಮೆ ಚಿಮುಕಿಸಿ.

ಮೂರನೆಯದು ಮೇಲ್ಮೈ ಬದಲಿಸುವುದು. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಅಕ್ರಿಲಿಕ್ ಎಂದರೆ ಕ್ಯಾನ್ವಾಸ್ ಎಂಬ ಕಟ್ಟಳೆ ಎಲ್ಲೂ ಇಲ್ಲ. ನಿಮ್ಮ ಬಳಿ ಇರುವ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಜಲವರ್ಣ ಕಾಗದದ ಮೇಲೆ, ಗೆಸ್ಸೊ ಎಂಬ ಬಿಳಿ ತಳಲೇಪ ಕೂಡ ಬಳಿಯದೆ, ತೆಳು ಅಕ್ರಿಲಿಕ್ ಚೆನ್ನಾಗಿ ಹರಿಯುತ್ತದೆ. ಕಾಗದ ನೀರನ್ನು ಹೀರುತ್ತದೆ, ಬಣ್ಣ ನಾರಿನೊಳಗೆ ಇಳಿದು ನಿಲ್ಲುತ್ತದೆ. ಅದಕ್ಕಿಂತ ತೆಳು ಕಾಗದ ಹಪ್ಪಳದಂತೆ ಸೊಟ್ಟಗಾಗುತ್ತದೆ, ಅಂಚಿಗೆ ಟೇಪು ಹಾಕಿ. ದಾಟುವಿಕೆಯ ಮೊದಲ ಆರು ತಿಂಗಳು ಕಾಗದದ ಮೇಲೆಯೇ ಕಳೆಯುವುದು ಜಾಣತನ ಎಂಬುದು ನನ್ನ ಅಭಿಪ್ರಾಯ.

ದುಡ್ಡು ಖರ್ಚಾಗುವ ಪರಿಹಾರ ಕೊನೆಗೆ: ಒಣಗುವುದನ್ನು ತಡಮಾಡುವ ರಿಟಾರ್ಡರ್. ಬಾಟಲಿಯ ಮೇಲೆ ಬರೆದ ಪ್ರಮಾಣವನ್ನು ಮೀರಬೇಡಿ. ಹೆಚ್ಚಾದರೆ ಬಣ್ಣ ದಿನಗಟ್ಟಲೆ ಅಂಟಂಟಾಗಿಯೇ ಉಳಿಯುತ್ತದೆ. ಮೀಡಿಯಂ, ಅಂದರೆ ಬಣ್ಣವಿಲ್ಲದ ಪಾರದರ್ಶಕ ರಾಳ, ಬೆರೆಸಿದ ಬಣ್ಣವನ್ನು ಐದಾರು ತೆಳು ಪದರಗಳಲ್ಲಿ, ಒಂದೊಂದನ್ನೂ ಒಣಗಿಸುತ್ತಾ ಹಚ್ಚಿದರೆ ಮಂಜು ಬರುತ್ತದೆ. ಕೆಳಗಿನ ಪದರ ಕದಡುವುದಿಲ್ಲ ಎಂಬ ಸುಖ ಜಲವರ್ಣದಲ್ಲಿ ಎಲ್ಲಿತ್ತು?

ಲಕ್ಷಣ: ಪ್ಯಾಲೆಟ್‌ನಲ್ಲೇ ಬಣ್ಣ ಒಣಗಿಹೋಗುತ್ತದೆ

ಪಿಂಗಾಣಿ ಪ್ಯಾಲೆಟ್ಟಿನಲ್ಲಿ ಒಣಗಿದ ಜಲವರ್ಣಕ್ಕೆ ಒಂದು ಹನಿ ನೀರು ಬಿಟ್ಟರೆ ಮುಗಿಯಿತು. ಇಲ್ಲಿ ಒಣಗಿದ್ದು ಒಣಗಿತು. ಮುಚ್ಚಳ ಬಿಗಿಯಾಗಿ ಕೂರುವ ಚಪ್ಪಟೆ ಟಿಫಿನ್ ಡಬ್ಬಿ ತೆಗೆದುಕೊಳ್ಳಿ. ತಳಕ್ಕೆ ನಾಲ್ಕು ಮಡಿಕೆ ಟಿಶ್ಯೂ ಹಾಸಿ, ನೀರು ಕುಡಿಸಿ, ಹೆಚ್ಚಾದದ್ದನ್ನು ಬಸಿಯಿರಿ. ಮೇಲೆ ಬೇಕರಿಯವರು ಕೇಕಿನ ತಟ್ಟೆಗೆ ಹಾಸುವ ಕಾಗದ ಹಾಕಿ ಅದರ ಮೇಲೆ ಬಣ್ಣ ಇಡಿ. ಮುಚ್ಚಿಟ್ಟರೆ ಎರಡು ಮೂರು ದಿನ ಹಸಿಯಾಗಿರುತ್ತದೆ. ಮಳೆಗಾಲದಲ್ಲಿ ಮುಗ್ಗಲು ವಾಸನೆ ಬಂದರೆ ಕಾಗದ, ಟಿಶ್ಯೂ ಎರಡನ್ನೂ ಎಸೆದು ಡಬ್ಬಿ ತೊಳೆಯಿರಿ. ಆ ಡಬ್ಬಿಯಲ್ಲಿ ಮತ್ತೆ ಚಿತ್ರಾನ್ನ ಒಯ್ಯಬೇಡಿ.

ಲಕ್ಷಣ: ಬಣ್ಣ ಮಣಿಗಟ್ಟಿ ಹಿಂದೆ ಸರಿಯುತ್ತದೆ

ಕೆಸುವಿನ ಎಲೆಯ ಮೇಲಿನ ನೀರಿನಂತೆ ತೆಳು ಬಣ್ಣ ಗುಂಡಾಗಿ ನಿಂತರೆ ಮೇಲ್ಮೈ ನೀರನ್ನು ಒಲ್ಲೆ ಎನ್ನುತ್ತಿದೆ ಎಂದರ್ಥ. ಒಂದೆರಡು ಕಡೆ ಮಾತ್ರ, ಅದೂ ಬೆರಳಿನ ಆಕಾರದಲ್ಲಿ ಹೀಗಾದರೆ ಕೈಯ ಜಿಡ್ಡು. ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿದ ನೀರಿನಿಂದ ಒರೆಸಿ, ಶುದ್ಧ ನೀರಿನಿಂದ ಮತ್ತೊಮ್ಮೆ ಒರೆಸಿ. ಎಲ್ಲ ಕಡೆಯೂ ಹೀಗೆಯೇ ಇದ್ದರೆ ಅಂಗಡಿಯ ಸಿದ್ಧ ಕ್ಯಾನ್ವಾಸಿನ ಲೇಪ ತೀರಾ ನುಣುಪಾಗಿದೆ. ಉಜ್ಜು ಕಾಗದದಿಂದ ಹಗುರವಾಗಿ ಉಜ್ಜಿ, ಗೆಸ್ಸೊವನ್ನು ಎರಡು ತೆಳು ಪದರ, ಒಂದು ಅಡ್ಡಕ್ಕೆ ಒಂದು ಉದ್ದಕ್ಕೆ, ಬಳಿಯಿರಿ. ಸೀಮೆಸುಣ್ಣದಂಥ ಪುಡಿ ಬೆರೆತ ಗೆಸ್ಸೊ ನೀರು ಹೀರುತ್ತದೆ, ಬಣ್ಣಕ್ಕೆ ಹಿಡಿತವನ್ನೂ ಕೊಡುತ್ತದೆ.

ಬಣ್ಣಕ್ಕೇ ಸೋಪು ಬೆರೆಸಿದರೆ ಹರಿಯುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ನೊರೆ ಎದ್ದು, ಗುಳ್ಳೆ ಒಡೆದ ಕಡೆಯೆಲ್ಲ ಸೂಜಿ ಚುಚ್ಚಿದಂಥ ತೂತುಗಳು ಉಳಿಯುತ್ತವೆ. ಅದಕ್ಕೆಂದೇ ಮಾಡಿದ ಹರಿವಿನ ದ್ರವ ಸಿಗುತ್ತದೆ, ಹನಿ ಲೆಕ್ಕದಲ್ಲಿ ಬಳಸಿ.

ಮೈಸೂರು ಶೈಲಿಯ ಚಿತ್ರ ಕಲಿತವರಿಗೆ ಇಲ್ಲಿ ಒಂದು ಮಾತು. ಮಕ್ಕಿ ಸಫೇದ ಎಂಬ ಪುಡಿಗೆ ಅಂಟು ಸೇರಿಸಿ ಅರೆದು, ಆಭರಣಗಳನ್ನು ಉಬ್ಬಿಸಿ, ಮೇಲೆ ಚಿನ್ನದ ರೇಕು ಕೂರಿಸುವ ನಿಮ್ಮ ಗೆಸ್ಸೊ ಬೇರೆ. ಅಕ್ರಿಲಿಕ್ ಗೆಸ್ಸೊ ಎಂದರೆ ಕ್ಯಾನ್ವಾಸಿಗೆ ಬಳಿಯುವ ಬಿಳಿ ತಳಲೇಪ, ಅಷ್ಟೇ. ಹೆಸರು ಒಂದೇ ಎಂದು ಒಂದರ ಜಾಗಕ್ಕೆ ಇನ್ನೊಂದು ತರಬೇಡಿ.

ಇಲ್ಲಿ ನಿಲ್ಲಿಸಿ: ಕ್ಯಾನ್ವಾಸ್ ಹಳೆಯದಾಗಿದ್ದು, ಅದರ ಮೇಲೆ ಮೊದಲೇ ತೈಲವರ್ಣವಿದ್ದರೆ, ಅದರ ಮೇಲೆ ಅಕ್ರಿಲಿಕ್ ಬೇಡ. ಅಕ್ರಿಲಿಕ್‌ನ ಮೇಲೆ ಎಣ್ಣೆ ಕೂರುತ್ತದೆ, ಎಣ್ಣೆಯ ಮೇಲೆ ಅಕ್ರಿಲಿಕ್ ನಿಲ್ಲುವುದಿಲ್ಲ. ಇವತ್ತು ಹಿಡಿದುಕೊಂಡಂತೆ ಕಂಡರೂ ಮುಂದೊಂದು ದಿನ ಹಾಳೆಯಾಗಿ ಸುಲಿದು ಬರುತ್ತದೆ.

ಲಕ್ಷಣ: ಒಣಗಿದ ಚಿತ್ರ ಒರೆಸಿದರೆ ಬಟ್ಟೆಗೆ ಬಣ್ಣ ಹತ್ತುತ್ತದೆ

ಮೂರು ಪಟ್ಟಿಯ ಪರೀಕ್ಷೆಯಲ್ಲಿ ಮೂರನೆಯದು ಎದ್ದು ಬಂದವರು ಇಲ್ಲಿಗೆ ಬರಬೇಕು. ನೀರು ಅತಿಯಾದಾಗ ರಾಳದ ಕಣಗಳು ಒಂದರಿಂದ ಇನ್ನೊಂದು ದೂರ ಚದುರಿ, ಬಿಡದೆ ಬೆಸೆದುಕೊಂಡ ಪೊರೆ ಕಟ್ಟಲಾರವು. ಬಣ್ಣದ ಪುಡಿ ಸಿಮೆಂಟಿಲ್ಲದ ಮರಳಿನಂತೆ ಬರಿದೇ ಕೂರುತ್ತದೆ. ಕಾಗದದ ನಾರು ಅದನ್ನು ಹಿಡಿದುಕೊಳ್ಳುತ್ತದೆ, ನುಣುಪಾದ ಕ್ಯಾನ್ವಾಸ್ ಹಿಡಿದುಕೊಳ್ಳುವುದಿಲ್ಲ.

ಇನ್ನು ಮುಂದೆ ಕ್ಯಾನ್ವಾಸಿನ ಮೇಲೆ ನೀರನ್ನು ಬಣ್ಣದಷ್ಟೇ ಪ್ರಮಾಣಕ್ಕೆ ನಿಲ್ಲಿಸಿ. ಅದಕ್ಕೂ ತೆಳುವಾಗಬೇಕಿದ್ದರೆ ನೀರಿನ ಬದಲು ಮೀಡಿಯಂ ಬೆರೆಸಿ, ಅದು ಬಣ್ಣ ಬೆರೆಯದ ರಾಳವೇ. ಈಗಾಗಲೇ ಬರೆದ ಚಿತ್ರಕ್ಕೆ ಅಗಲವಾದ ಮೆದು ಕುಂಚದಿಂದ ತೆಳು ಮೀಡಿಯಂ ಒಂದೇ ಎಳೆತ ಹಚ್ಚಿ. ಎರಡನೆಯ ಬಾರಿ ಅದೇ ಜಾಗಕ್ಕೆ ಕುಂಚ ತಾಗಿದರೆ ಬಣ್ಣ ಕದಡುತ್ತದೆ. ಮೊದಲು ಒಂದು ಮೂಲೆಯಲ್ಲಿ ಮಾಡಿ ನೋಡಿ. ಚಿತ್ರ ಕಾಗದದ ಮೇಲಿದ್ದರೆ ಜಲವರ್ಣಕ್ಕೆ ಹಾಕುವಂತೆ ಗಾಜು ಹಾಕಿ ಸುಮ್ಮನಾಗಿ.

ಲಕ್ಷಣ: ಬಣ್ಣ ಸುಣ್ಣ ಬೆರೆತಂತೆ, ಇಲ್ಲವೇ ರಾಡಿಯಂತೆ

ಎರಡೂ ಬೇರೆ ಬೇರೆ ಕಾಯಿಲೆಗಳು. ಸುಣ್ಣದಂತಾದರೆ ಕಾರಣ ಬಿಳಿ. ತಿಳಿ ಮಾಡಬೇಕು ಎಂದಾಗ ಜಲವರ್ಣದವರು ನೀರು ಹಾಕುತ್ತಿದ್ದರು, ಈಗ ಬಿಳಿ ಹಾಕುತ್ತಾರೆ. ಟೈಟಾನಿಯಂ ಬಿಳಿ, ಲೇಬಲ್‌ನಲ್ಲಿ ವರ್ಣದ್ರವ್ಯದ ಸಂಕೇತ ಪಿಡಬ್ಲ್ಯೂ 6, ಬಲು ಜೋರಿನ ಬಿಳಿ. ಒಂದು ಕಾಳಿನಷ್ಟು ಹಾಕಿದರೂ ಬಣ್ಣದ ಬಿಸಿ ಇಳಿದು ಹಾಲು ಹಾಲಾಗುತ್ತದೆ. ಕೆಂಪನ್ನು ಬೆಳಗಿಸಲು ಬಿಳಿಯ ಬದಲು ಒಂದಿಷ್ಟು ಕಿತ್ತಳೆ, ಹಸಿರಿಗೆ ಹಳದಿ ಬೆರೆಸಿ ನೋಡಿ. ಜಿಂಕ್ ಬಿಳಿ, ಅಂದರೆ ಪಿಡಬ್ಲ್ಯೂ 4, ಮೆತ್ತಗಿನ ಅರೆಪಾರದರ್ಶಕ ಬಿಳಿ, ಮಂಜಿಗೆ ಹೇಳಿ ಮಾಡಿಸಿದ್ದು.

ರಾಡಿಯಾದರೆ ಮೊದಲು ತೊಳೆಯುವ ನೀರನ್ನು ನೋಡಿ. ಅದೇ ಕಂದಾಗಿದ್ದರೆ ಉತ್ತರ ಸಿಕ್ಕಿತು. ನೀರು ಸ್ವಚ್ಛವಾಗಿದ್ದೂ ರಾಡಿಯಾದರೆ ಟ್ಯೂಬಿನ ಹಿಂದಿನ ಸಣ್ಣ ಅಕ್ಷರ ಓದಿ. ಪಿಬಿ 15 ಎಂಬಂಥ ಒಂದೇ ಸಂಕೇತವಿದ್ದರೆ ಒಂದೇ ವರ್ಣದ್ರವ್ಯ. ಮೂರು ನಾಲ್ಕು ಸಂಕೇತಗಳಿದ್ದರೆ ಅದು ಮೊದಲೇ ಕಲಬೆರಕೆಯ ಬಣ್ಣ. ಅಂಥ ಎರಡು ಟ್ಯೂಬು ಸೇರಿಸಿದರೆ ನಿಮ್ಮ ಪ್ಯಾಲೆಟ್ಟಿನಲ್ಲಿ ಏಳೆಂಟು ಬಣ್ಣಗಳ ಜಾತ್ರೆ ಸೇರಿತು. ಇಪ್ಪತ್ತನಾಲ್ಕು ಟ್ಯೂಬುಗಳ ಅಗ್ಗದ ಪೆಟ್ಟಿಗೆಗಿಂತ ಒಂದೇ ವರ್ಣದ್ರವ್ಯದ ಆರು ಟ್ಯೂಬು ಮೇಲು.

ಲಕ್ಷಣ: ಕುಂಚ ಕಡ್ಡಿಯಾಗಿದೆ

ಜಲವರ್ಣಕ್ಕೆ ಸಾಕಿದ ಸೇಬಲ್ ಕೂದಲಿನ ಕುಂಚವನ್ನು ಇಲ್ಲಿಗೆ ತರಲೇಬೇಡಿ. ನಾನು ತಂದು ಅತ್ತಿದ್ದೇನೆ. ಬಣ್ಣ ಕೂದಲಿನ ಬುಡದಲ್ಲಿ, ಲೋಹದ ಕೊಳವೆಯ ಬಾಯಲ್ಲಿ ಒಣಗಿ ಕೂದಲನ್ನು ಅಗಲಿಸುತ್ತದೆ. ಆಮೇಲೆ ಆ ಕುಂಚಕ್ಕೆ ಮೊನೆ ಬರುವುದಿಲ್ಲ. ಸಿಂಥೆಟಿಕ್ ಕುಂಚವೇ ಸರಿ. ಕೆಲಸದ ನಡುವೆ ಬಿಡುವಾದರೆ ನೀರಿನಲ್ಲಿ ಮಲಗಿಸಿಡಿ, ಮೊನೆಯ ಮೇಲೆ ನಿಲ್ಲಿಸಬೇಡಿ.

ಗಟ್ಟಿಯಾದ ಕುಂಚಕ್ಕೆ ಮೊದಲು ಉಗುರು ಬೆಚ್ಚಗಿನ ನೀರು, ಸೋಪು, ಅರ್ಧ ಗಂಟೆ. ಬಿಡದಿದ್ದರೆ ಔಷಧದ ಅಂಗಡಿಯ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಕೂದಲಿನ ಭಾಗ ಮಾತ್ರ ಮುಳುಗುವಂತೆ ಕೆಲವು ನಿಮಿಷ ಇಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬುಡದಿಂದ ತುದಿಗೆ ತಿಕ್ಕಿ. ಅದು ಬೇಗ ಬೆಂಕಿ ಹತ್ತುವ ದ್ರವ. ಅಡುಗೆ ಮನೆಯ ಒಲೆ, ದೇವರ ದೀಪ, ಊದುಬತ್ತಿ ಯಾವುದೂ ಹತ್ತಿರ ಇರಬಾರದು. ಕಿಟಕಿ ತೆರೆದಿರಲಿ. ಎರಡು ಸಲಕ್ಕೂ ಬಗ್ಗದ ಕುಂಚವನ್ನು ಹುಲ್ಲು, ತೊಗಟೆ ಬರೆಯಲು ಇಟ್ಟುಕೊಳ್ಳಿ.

ಲಕ್ಷಣ: ವಾರವಾದರೂ ಅಂಟಂಟು, ಚಿತ್ರಗಳು ಒಂದಕ್ಕೊಂದು ಅಂಟಿಕೊಂಡಿವೆ

ರಿಟಾರ್ಡರ್ ಹೆಚ್ಚಾಯಿತೇ ಎಂದು ಮೊದಲು ನೆನಪಿಸಿಕೊಳ್ಳಿ. ಅಲ್ಲವಾದರೆ ದಪ್ಪ ಪದರ. ಮೇಲೆ ಒಣಗಿದ ಬಣ್ಣದ ಒಳಗೆ ವಾರಗಟ್ಟಲೆ ನೀರು ಸಿಕ್ಕಿಕೊಂಡಿರುತ್ತದೆ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಗಾಳಿಯಾಡುವ ಕಡೆ ಬಿಟ್ಟು ಕಾಯುವುದೇ ಔಷಧ. ಬಿಸಿಲಿಗೆ ಇಡಬೇಡಿ.

ಪೂರ್ತಿ ಒಣಗಿದ ಅಕ್ರಿಲಿಕ್ ಕೂಡ ಸೆಖೆಗೆ ಮೆದುವಾಗುತ್ತದೆ. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಎರಡು ಚಿತ್ರ ಮುಖಕ್ಕೆ ಮುಖ ಇಟ್ಟು, ಬೆಂಗಳೂರಿನ ಚಿತ್ರಸಂತೆಗೆ ಒಯ್ದವರೊಬ್ಬರು ಕುಮಾರಕೃಪಾ ರಸ್ತೆಯಲ್ಲಿ ಒಂದೇ ಚಿತ್ರ ಇಳಿಸಿಕೊಂಡರು ಎಂದು ನಾನು ತಮಾಷೆ ಮಾಡುವುದುಂಟು. ಸಂತೆ ನಡೆಯುವುದು ಜನವರಿಯಲ್ಲಿ, ಆದ್ದರಿಂದ ಕಥೆ ಸುಳ್ಳು, ಅಂಟಿಕೊಳ್ಳುವುದು ಸುಳ್ಳಲ್ಲ. ಪತ್ರಿಕೆಯ ಹಾಳೆ ಸುತ್ತಿದರೆ ಅದರ ಅಚ್ಚು ಚಿತ್ರದ ಮೇಲೆ ಉಳಿಯುತ್ತದೆ, ಗುಳ್ಳೆ ಪ್ಲಾಸ್ಟಿಕ್ ಸುತ್ತಿದರೆ ಗುಳ್ಳೆಗಳ ವೃತ್ತ ಉಳಿಯುತ್ತದೆ. ನಿಲ್ಲಿಸಿಟ್ಟು, ನಡುವೆ ಗಾಳಿ ಬಿಟ್ಟು ಒಯ್ಯಿರಿ.

ಅಂಟಿಕೊಂಡಿದ್ದರೆ ಎಳೆಯಬೇಡಿ. ತಣ್ಣಗಿನ ಕೋಣೆಯಲ್ಲಿ ಕೆಲವು ಗಂಟೆ ಇಡಿ, ಬಣ್ಣ ಬಿಗಿಯಾಗಿ ಅಂಟು ಕಡಿಮೆಯಾಗುತ್ತದೆ. ಆಮೇಲೆ ಒಂದು ಮೂಲೆಯಿಂದ ನಿಧಾನವಾಗಿ ಬಿಡಿಸಿ ನೋಡಿ. ಬಣ್ಣ ಎದ್ದು ಬರುವ ಸೂಚನೆ ಕಂಡ ಕೂಡಲೇ ನಿಲ್ಲಿಸಿ.

ಲಕ್ಷಣ: ಬಿರುಕು ಅಥವಾ ಸಿಪ್ಪೆ ಏಳುವುದು

ಒಂದೇ ಸಲಕ್ಕೆ ದಪ್ಪವಾಗಿ ಬಳಿದ ಗೆಸ್ಸೊ ಬೇಸಿಗೆಯ ಕೆರೆಯಂಗಳದಂತೆ ಬಿರಿಯುತ್ತದೆ. ಕೆರೆದು ತೆಗೆದು ತೆಳುವಾಗಿ ಮತ್ತೆ ಬಳಿಯಿರಿ. ಎನಾಮಲ್ ಹೊಡೆದ ಬಾಗಿಲು, ಪ್ಲಾಸ್ಟಿಕ್ ಹಲಗೆಗಳಿಂದ ಬಣ್ಣ ಹಾಳೆಯಾಗಿ ಸುಲಿದರೆ ಹಿಡಿತವಿಲ್ಲ ಎಂದರ್ಥ, ಅಲ್ಲಿ ಉಜ್ಜಿ ಒರಟು ಮಾಡದೆ ಬರೆಯಬಾರದು. ಬಾಗಿಲು ಹಳೆಯ ಕಾಲದ್ದಾಗಿದ್ದರೆ ಆ ಎನಾಮಲ್‌ನಲ್ಲಿ ಸೀಸ ಇರಬಹುದು, ಉಜ್ಜುವುದನ್ನೇ ಬಿಡಿ.

ಅಮೆರಿಕ, ಕೆನಡಾದ ಚಳಿಗಾಲದಲ್ಲಿ ಗ್ಯಾರೇಜಿನಲ್ಲಿ ಬರೆಯುವ ನಮ್ಮವರಿಗೆ: ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ರಾಳದ ಕಣಗಳು ಬೆಸೆಯುವುದಿಲ್ಲ. ನೀರು ಮಾತ್ರ ಹೋಗುತ್ತದೆ, ಪುಡಿಪುಡಿ ಪದರ ಉಳಿಯುತ್ತದೆ. ಹೆಪ್ಪುಗಟ್ಟಿ ಒಡೆದ ಹಾಲಿನಂತಾದ ಟ್ಯೂಬು ಸರಿಹೋಗುವುದಿಲ್ಲ.

ಲಕ್ಷಣ: ವಾರ್ನಿಶ್ ಹಾಕಿದ ಮೇಲೆ ಬಿಳಿ ಮಬ್ಬು

ತೇವದ ದಿನ ಹಾಕಿದಿರಾ? ಚಿತ್ರ ಪೂರ್ತಿ ಒಣಗುವ ಮೊದಲೇ ಹಾಕಿದಿರಾ? ಮ್ಯಾಟ್ ವಾರ್ನಿಶ್ಶನ್ನು ದಪ್ಪವಾಗಿ ಬಳಿದಿರಾ? ಮೊದಲೆರಡರ ಮಬ್ಬು ಒಣ ಹವೆಯಲ್ಲಿ ಕೆಲವು ದಿನಗಳಲ್ಲಿ ತಾನೇ ಕರಗಬಹುದು, ಆದ್ದರಿಂದ ವಾರ ಕಾಯಿರಿ. ಮೂರನೆಯದು ಹೋಗುವುದಿಲ್ಲ, ವಾರ್ನಿಶ್ ತೆಗೆಯಬೇಕು. ವಾರ್ನಿಶ್ ತೆಗೆಯುವ ದ್ರಾವಕ ಕೆಳಗಿನ ಚಿತ್ರವನ್ನೂ ಕರಗಿಸಬಹುದು, ಕುಂಚ ತೊಳೆದ ಆ ಆಲ್ಕೋಹಾಲ್ ಅಂತೂ ಖಂಡಿತ ಮೆದು ಮಾಡುತ್ತದೆ. ಮಾರಾಟವಾದ ಅಥವಾ ಬೇರೆಯವರ ಚಿತ್ರವಾದರೆ ನೀವು ಮುಟ್ಟಬೇಡಿ.

ದೇಹದ ಲಕ್ಷಣಗಳು, ಮತ್ತು ಯಾವಾಗ ಬೇರೆಯವರ ಬಳಿ ಹೋಗಬೇಕು

ಕುಂಚದ ಮೊನೆಯನ್ನು ತುಟಿಯಲ್ಲಿ ಚೂಪು ಮಾಡುವ ಅಭ್ಯಾಸ ಜಲವರ್ಣದವರಲ್ಲಿ ಎಷ್ಟು ಜನರಿಗಿದೆ ಎಂದು ನನಗೆ ಗೊತ್ತು, ನನಗೂ ಇತ್ತು. ಅಲ್ಲೂ ಅದು ತಪ್ಪೇ, ಇಲ್ಲಿ ಇನ್ನೂ ತಪ್ಪು. ಕ್ಯಾಡ್ಮಿಯಂ ಕೆಂಪು ಪಿಆರ್ 108, ಕ್ಯಾಡ್ಮಿಯಂ ಹಳದಿ ಪಿವೈ 35. ಈ ಸಂಕೇತಗಳಿದ್ದರೆ ಬಾಯಿಗೆ, ಊಟದ ತಟ್ಟೆಗೆ ದೂರ. ಅವನ್ನು ಸಿಂಪಡಿಸಬೇಡಿ, ಒಣಗಿದ ಮೇಲೆ ಉಜ್ಜಬೇಡಿ. ಡಬ್ಬಿ ತೆರೆದಾಗ ಅಮೋನಿಯಾದ ಸಣ್ಣ ವಾಸನೆ ಸಹಜ. ಕೊಳೆತ ವಾಸನೆ ಬಂದರೆ ಆ ಬಣ್ಣವನ್ನು ಎಸೆಯಿರಿ. ತಲೆನೋವು, ಕೆಮ್ಮು ಶುರುವಾದರೆ ಹೊರಗೆ ಹೋಗಿ. ಉಸಿರು ಕಟ್ಟಿದಂತಾದರೆ, ಕೈಯಲ್ಲಿ ದದ್ದು ಎದ್ದು ಇಳಿಯದಿದ್ದರೆ, ಮಗು ಬಣ್ಣ ನುಂಗಿದ್ದರೆ ಟ್ಯೂಬನ್ನೂ ಹಿಡಿದುಕೊಂಡೇ ವೈದ್ಯರ ಬಳಿ ಹೋಗಿ, ಲೇಬಲ್ ನೋಡಿದರೆ ಅವರಿಗೆ ಅರ್ಧ ಕೆಲಸ ಸುಲಭ.

ಕುಂಚ ತೊಳೆದ ನೀರನ್ನು ಸಿಂಕಿಗೆ ಸುರಿಯಬೇಡಿ. ರಾಳ ಕೊಳವೆಯೊಳಗೆ ಪೊರೆ ಕಟ್ಟುತ್ತದೆ. ಮೊದಲು ಮಸಿಬಟ್ಟೆಯಲ್ಲಿ ಕುಂಚ ಒರೆಸಿ, ಆಮೇಲೆ ಬಕೆಟ್ಟಿನಲ್ಲಿ ತೊಳೆಯಿರಿ. ಕೆಸರು ತಳಕ್ಕೆ ಕೂತ ಮೇಲೆ ಅದನ್ನು ಹಳೆಯ ಪತ್ರಿಕೆಯ ಮೇಲೆ ಒಣಗಿಸಿ ಒಣ ಕಸಕ್ಕೆ ಹಾಕಿ. ಬಾವಿಯ ಬಳಿ, ತೋಟದ ಕಾಲುವೆಯಲ್ಲಿ ಬೇಡ.

ಚಿತ್ರದ ಮಟ್ಟಿಗೆ ನಿಮ್ಮ ಕೈ ನಿಲ್ಲಿಸಬೇಕಾದ ಸಂದರ್ಭಗಳು ಮೂರು: ಹಳೆಯ ಅಥವಾ ಬೇರೆಯವರ ಚಿತ್ರದ ಬಣ್ಣ ಚಕ್ಕೆ ಏಳುತ್ತಿರುವುದು, ಕ್ಯಾನ್ವಾಸಿನ ಹಿಂಬದಿಯಿಂದ ಬೂಷ್ಟು ಒಳಕ್ಕೆ ಇಳಿದಿರುವುದು, ಅಂಟಿಕೊಂಡ ಚಿತ್ರ ತಣ್ಣಗಾದರೂ ಬಿಡದಿರುವುದು. ಇವು ಚಿತ್ರ ಸಂರಕ್ಷಕರ ಕೆಲಸ. ಪರಂಪರೆಯ ಸಂಪತ್ತನ್ನು ಕಾಯುವ ಇಂಟ್ಯಾಕ್ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರವೊಂದು ಬೆಂಗಳೂರಿನಲ್ಲೇ ಇದೆ. ಒಯ್ಯುವ ಮೊದಲು ಮುಂದಿನ, ಹಿಂದಿನ ಎರಡೂ ಬದಿಯ ಫೋಟೊ ತೆಗೆಯಿರಿ, ಯಾವ ಬಣ್ಣ, ಯಾವ ವಾರ್ನಿಶ್, ಯಾವ ತಿಂಗಳು ಎಂದು ಚೀಟಿಯಲ್ಲಿ ಬರೆದಿಡಿ. ಉದುರಿದ ಬಣ್ಣದ ಚೂರುಗಳಿದ್ದರೆ ಗುಡಿಸಿ ಹಾಕಬೇಡಿ, ಒಂದು ಲಕೋಟೆಯಲ್ಲಿ ಹಾಕಿ ಜೊತೆಗೇ ಒಯ್ಯಿರಿ.